ಕುದುರೆಮುಖದ ತುದಿಗೆ ಹೊರಡುವ ಮುನ್ನ

ಪ್ರಶ್ನೆ: ನಾವು ಐವರು ಗೆಳೆಯರು ಅಕ್ಟೋಬರಿನಲ್ಲಿ ಕುದುರೆಮುಖ ಶಿಖರಕ್ಕೆ ಚಾರಣ ಹೋಗಬೇಕೆಂದಿದ್ದೇವೆ. ಮುಳ್ಳಯ್ಯನಗಿರಿ ಹತ್ತಿದ್ದನ್ನು ಬಿಟ್ಟರೆ ಬೇರೆ ಅನುಭವವಿಲ್ಲ. ಸಿದ್ಧತೆ ಹೇಗಿರಬೇಕು? ತುದಿಯಲ್ಲಿ ರಾತ್ರಿ ತಂಗಬಹುದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ತಂಗುವಂತಿಲ್ಲ. ಶಿಖರವು ರಾಷ್ಟ್ರೀಯ ಉದ್ಯಾನದೊಳಗಿದ್ದು, ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುವವರಿಗಷ್ಟೇ ಅರಣ್ಯ ಇಲಾಖೆ ಅನುಮತಿ ಕೊಡುತ್ತದೆ. ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿರುವುದರಿಂದ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿಯೇ ಕಾಯ್ದಿರಿಸಿಕೊಳ್ಳಿ. ಸಾಧ್ಯವಾದರೆ ಶನಿವಾರ, ಭಾನುವಾರಗಳನ್ನು ಬಿಡಿ.

ಮುಳ್ಳಯ್ಯನಗಿರಿಯ ಅನುಭವವನ್ನು ಇಲ್ಲಿಗೆ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಅದರ ಎತ್ತರ 1,930 ಮೀಟರ್, ಕುದುರೆಮುಖದ್ದು ಸುಮಾರು 1,890 ಮೀಟರ್. ಆದರೆ ಅಲ್ಲಿ ವಾಹನ ತುದಿಯ ಸಮೀಪದವರೆಗೂ ಹೋಗುತ್ತದೆ, ಇಲ್ಲಿ ಚಾರಣ ಆರಂಭವಾಗುವ ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿಲೋಮೀಟರ್ ಕಾಲ್ನಡಿಗೆಯೇ ಗತಿ. ಆದ್ದರಿಂದ ಮರಳಬೇಕಾದ ಹೊತ್ತನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಅಕ್ಟೋಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ಏಳಕ್ಕೆ ನಡಿಗೆ ಆರಂಭಿಸಿ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ, ತುದಿ ಕಣ್ಣೆದುರಿಗೇ ಇದ್ದರೂ, ಹಿಂದಿರುಗುವುದೆಂದು ಐವರೂ ಹೊರಡುವ ಮೊದಲೇ ಒಪ್ಪಿಕೊಳ್ಳಿ. ದಣಿದ ಮೇಲೆ ಈ ತೀರ್ಮಾನ ಕೈಗೊಳ್ಳುವುದು ಬಹಳ ಕಷ್ಟ. ಹಿಂದಿನ ದಿನವೇ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಕಳಸ ಅಥವಾ ಸಂಸೆಗೆ ಬಂದು ಉಳಿದುಕೊಂಡರೆ ಮಾತ್ರ ಇದು ಸಾಧ್ಯ. ಅಲ್ಲಿಂದ ಮುಳ್ಳೋಡಿಯವರೆಗಿನ ಕಚ್ಚಾ ರಸ್ತೆಗೆ ಸ್ಥಳೀಯರ ಜೀಪೇ ಸರಿ.

ದಾರಿಯು ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು), ಹಳ್ಳಗಳನ್ನು ದಾಟಿ ಮರಗಳಿಲ್ಲದ ಹುಲ್ಲುಗಾವಲಿಗೆ ಏರುತ್ತದೆ. ಪಡುವಣ ಕಡೆಯಿಂದ ಮಂಜು ಮೇಲೇರಿತೆಂದರೆ ಹತ್ತು ಮಾರು ದೂರದ ಗೆಳೆಯನೂ ಕಾಣಿಸದಿರಬಹುದಾದ್ದರಿಂದ ಯಾರೂ ಗುಂಪಿನಿಂದ ಮುಂದೆ ಓಡಬಾರದು. ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ. ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಅಪರೂಪವಲ್ಲ. ಬೆಟ್ಟದ ಬೋಳು ಬೆನ್ನಿನ ಮೇಲೆ ಮನುಷ್ಯನೇ ಎತ್ತರದ ವಸ್ತುವಾಗುವುದರಿಂದ ಗುಡುಗು ಕೇಳಿದೊಡನೆ ಕೆಳಗಿಳಿಯಿರಿ. ಮಳೆ ಸುರಿದರೆ ಬೆಳಿಗ್ಗೆ ಸುಲಭವಾಗಿ ದಾಟಿದ ಹಳ್ಳವೂ ತುಂಬಿ ಹರಿಯಬಹುದು. ಆಗ ನೀರು ಇಳಿಯುವವರೆಗೆ ಕಾಯಬೇಕು.

ಇಂಬಳಗಳಿಗೆ ಹೆದರಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅವು ಗಾಯಕ್ಕೆ ಸೇರಿಸುವುದರಿಂದ ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಒತ್ತಿಹಿಡಿದರೆ ಸಾಕು. ಹಿಡಿತವಿರುವ ಬೂಟು, ಮಳೆಯಂಗಿ, ಟಾರ್ಚು, ಬುತ್ತಿ, ತಲಾ ಎರಡು ಲೀಟರ್ ನೀರು ಇರಲಿ. ಮೊಬೈಲನ್ನು ನಂಬಿಕೊಳ್ಳದೆ, ನೀವು ಮರಳುವ ಹೊತ್ತನ್ನು ಉಳಿದುಕೊಂಡ ಮನೆಯವರಿಗೆ ತಿಳಿಸಿಯೇ ಹೊರಡಿ.