ಹಾಡಿನ ಟೀಚರನ್ನು ಕೇಳಿ: ಸ್ಟೂಲಿನ ಮೇಲೆ ನಿಂತ ಹುಡುಗಿ

ಪ್ರಶ್ನೆ: ನಮ್ಮ ತಂದೆ ಹಿಂದಿ ಸಿನಿಮಾದ ಸುರೈಯಾ ಹಾಡು ಎಂದರೆ ಊಟ ಬಿಟ್ಟು ಏಳುತ್ತಿದ್ದರು. ಆಕೆ ಮೊದಲು ನಟಿಯೋ, ಗಾಯಕಿಯೋ? ಯಾರ ಬಳಿ ಸಂಗೀತ ಕಲಿತಿದ್ದರು?
– ಓದುಗರು, ಧಾರವಾಡ

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಯಾರ ಬಳಿಯೂ ಕ್ರಮವಾಗಿ ಕಲಿಯಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಸರಳೆ, ಜಂಟಿವರಸೆ ತಿದ್ದಿದ ನಾನು ಈ ಮಾತನ್ನು ಬಹಳ ಸಂತೋಷದಿಂದ ಬರೆಯುತ್ತಿಲ್ಲ.

ಇನ್ನು ಮೊದಲನೆಯದು. ಕ್ಯಾಮೆರಾ ಆಕೆಯನ್ನು ಮೊದಲು ಕಂಡಿತು, ಸಿನಿಮಾದ ಮೈಕು ಬೆನ್ನಲ್ಲೇ ಬಂತು. 1929ರಲ್ಲಿ ಹುಟ್ಟಿದ ಹುಡುಗಿ. ಪಂಜಾಬಿನಿಂದ ಮುಂಬಯಿಗೆ ಬಂದು ನೆಲೆಸಿದ ಮನೆಯ ಒಬ್ಬಳೇ ಮಗಳು. ಸೋದರಮಾವ ಜಹೂರ್ ಸಿನಿಮಾದಲ್ಲಿ ಖಳನ ಪಾತ್ರ ಮಾಡುತ್ತಿದ್ದವರು. ಶಾಲೆಗೆ ರಜೆ ಸಿಕ್ಕಾಗ ಮೋಹನ್ ಸ್ಟುಡಿಯೊಗೆ ಶೂಟಿಂಗ್ ನೋಡಲು ಹೋದವಳನ್ನು ನಿರ್ದೇಶಕ ನಾನುಭಾಯಿ ವಕೀಲ್ ನೋಡಿದರು. 1941ರ ‘ತಾಜ್ ಮಹಲ್’ ಚಿತ್ರದಲ್ಲಿ ಎಳೆಯ ಮುಮ್ತಾಜಳ ಪಾತ್ರ ಸಿಕ್ಕಿತು. ಅತ್ತ ಆಕಾಶವಾಣಿಯ ಮಕ್ಕಳ ಕಾರ್ಯಕ್ರಮಗಳಲ್ಲೂ ಹಾಡುತ್ತಿದ್ದಳು. ಆ ದನಿ ಸಂಗೀತ ನಿರ್ದೇಶಕ ನೌಷಾದರ ಕಿವಿಗೆ ಬಿತ್ತು.

ಮುಂದಿನದು ನನಗೆ ಬಹಳ ಇಷ್ಟವಾದ ಸಂಗತಿ. 1942ರ ‘ಶಾರದಾ’ ಚಿತ್ರದ ನಾಯಕಿ ಮೆಹತಾಬ್. ಆಕೆಯ ತುಟಿಗೆ ದನಿ ಕೊಡಲು ನೌಷಾದ್ ಈ ಹುಡುಗಿಯನ್ನು ಕರೆಸಿದರು. ವಯಸ್ಸು ಹದಿಮೂರರ ಆಸುಪಾಸು. ಮೈಕು ಎಟುಕಲಿಲ್ಲವೆಂದು ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸಿದರಂತೆ. ಶಾಲಾ ವಾರ್ಷಿಕೋತ್ಸವದಲ್ಲಿ ಗಿಡ್ಡ ಮಕ್ಕಳನ್ನು ನಾನೂ ಸ್ಟೂಲು ಹತ್ತಿಸಿದ್ದೇನೆ. ಕಾಲಡಿಯ ಹಲಗೆ ಕೊಂಚ ಅಲುಗಿದರೆ ಸಾಕು, ಮಗುವಿನ ಗಮನವೆಲ್ಲ ಪಾದಕ್ಕೆ ಇಳಿಯುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ, ಮೇಲಿನ ಷಡ್ಜ, ಅಂದರೆ ಎತ್ತರದ ‘ಸ’, ತೂರಾಡುತ್ತದೆ. ಆಗಿನ ಧ್ವನಿಮುದ್ರಣವೋ, ವಾದ್ಯದವರು, ಹಾಡುವವರು ಎಲ್ಲ ಒಟ್ಟಿಗೇ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ‘ಪಂಛೀ ಜಾ’ ಎಂಬ ಆ ಹಾಡನ್ನು ಕೇಳಿ ನೋಡಿ. ಸ್ಟೂಲಿನ ಸುಳಿವೇ ಸಿಗುವುದಿಲ್ಲ.

ಹಾಡಿನ ಅರ್ಥ ಏನು ಗೊತ್ತೇ? ‘ಹಕ್ಕಿಯೇ, ನನ್ನ ಬಾಲ್ಯ ಹಿಂದೆಯೇ ಉಳಿಯಿತು, ಹೋಗಿ ಅದನ್ನು ತಾ.’ ಬಾಲ್ಯ ಇನ್ನೂ ಮುಗಿಯದವಳ ಕೈಯಲ್ಲಿ ಕಳೆದುಹೋದ ಬಾಲ್ಯವನ್ನು ಕರೆಸಿದರು!

ಮರುವರ್ಷವೇ ‘ಇಶಾರಾ’ದಲ್ಲಿ ಪೃಥ್ವಿರಾಜ್ ಕಪೂರರಿಗೆ ನಾಯಕಿ. ಆಕೆಗೆ ಹದಿನಾಲ್ಕು, ಅವರು 1906ರಲ್ಲಿ ಹುಟ್ಟಿದವರು. ಲೆಕ್ಕ ನೀವೇ ಹಾಕಿಕೊಳ್ಳಿ. ಆಗ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ, ನನಗೆ ಈಗಲೂ ಎನಿಸುತ್ತದೆ. 1945ರ ‘ತದ್ಬೀರ್’ನಲ್ಲಿ ಹಾಡುವ ನಟ ಸೈಗಲ್ ಜೊತೆ. 1946ರ ‘ಅನ್‌ಮೋಲ್ ಘಡಿ’ಯಲ್ಲಿ ನೂರ್‌ಜಹಾನ್ ನಾಯಕಿ, ಸುರೈಯಾ ಎರಡನೆಯವಳು, ಇಬ್ಬರೂ ತಮ್ಮ ಹಾಡನ್ನು ತಾವೇ ಹಾಡಿದರು. ಮರುವರ್ಷ ಸೈಗಲ್ ತೀರಿಕೊಂಡರು, ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು. ಹಾಡುವ ತಾರೆ ಎಂದರೆ ಸುರೈಯಾ ಎಂಬ ಕಾಲ ಬಂತು, ಆದರೆ ಬಹಳ ದಿನ ಬಾಳಲಿಲ್ಲ. 1949ರ ‘ಬಡೀ ಬಹೆನ್’ ಹಾಕಿಕೊಂಡು ನೋಡಿ: ಸುರೈಯಾ ತನಗೆ ತಾನೇ ಹಾಡುತ್ತಾಳೆ, ಅದೇ ಚಿತ್ರದಲ್ಲಿ ಗೀತಾ ಬಾಲಿಗೆ ಲತಾ ಹಾಡುತ್ತಾರೆ. ತೆರೆಯ ಮೇಲೊಂದು ಮುಖ, ಒಳಗೊಂದು ದನಿ. ಏಳು ವರ್ಷದ ಹಿಂದೆ ಸ್ಟೂಲು ಹತ್ತಿ ಈ ಹುಡುಗಿ ಮಾಡಿದ್ದೂ ಅದೇ ಕೆಲಸವಲ್ಲವೇ?

ಪ್ರಶ್ನೆ: ಆ ಕಾಲದಲ್ಲಿ ಮುಂಬಯಿಯಲ್ಲಿ ನಟಿಸಿ ಹಾಡಿದವರಲ್ಲಿ ನಮ್ಮವರು ಯಾರೂ ಇರಲಿಲ್ಲವೇ?
– ಓದುಗರು, ಮಂಡ್ಯ

ಉತ್ತರ: ಹೆಸರಿನಲ್ಲೇ ಊರು ಹೊತ್ತುಕೊಂಡವರನ್ನು ಮರೆತಿರಾ? ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ನಾಟಕದಿಂದ ಬಂದವರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೇ ಗುರುತಿಸಿತು. ಅಕ್ಕ ಗೋಹರ್‌ಬಾಯಿಯೂ ನಟಿ, ಗಾಯಕಿ. ಅವರ ಬಗ್ಗೆ ಬರೆಯಲು ಈ ಜಾಗ ಸಾಲದು.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ನಾಟಕ ಆಡುತ್ತಾಳೆ, ಹಾಡುತ್ತಾಳೆ. ಸ್ಪರ್ಧೆಗೆ ದೊಡ್ಡವರ ವಿರಹದ ಹಾಡನ್ನೇ ಹಾಡಿಸಿದರೆ ತೀರ್ಪುಗಾರರು ಮೆಚ್ಚುತ್ತಾರೆ ಎನ್ನುತ್ತಾರೆ. ಸರಿಯೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ವಿರಹ ತಿಳಿಯದಿದ್ದರೆ ನಷ್ಟವಿಲ್ಲ ತಾಯಿ, ಬಾಲ್ಯ ಮುಗಿಯದ ಸುರೈಯಾ ಕಳೆದ ಬಾಲ್ಯವನ್ನು ಹಾಡಿದ್ದನ್ನು ಮೇಲೆ ಓದಿರುತ್ತೀರಿ. ನನ್ನ ತಕರಾರು ಬೇರೆ. ಮೂಲ ಹಾಡಿನ ಶ್ರುತಿಯಲ್ಲೇ ಹಾಡಬೇಕೆಂದು ಮಕ್ಕಳನ್ನು ಹಿಂಡುತ್ತಾರೆ. ಕತ್ತಿನ ನರ ಉಬ್ಬಿ ಬಂದರೂ ಬಿಡುವುದಿಲ್ಲ. ಮಗಳು ಮನೆಯಲ್ಲಿ ತನ್ನಷ್ಟಕ್ಕೆ ಗುನುಗುವಾಗ ಯಾವ ಶ್ರುತಿಯಲ್ಲಿರುತ್ತಾಳೆ ಎಂದು ಗುಟ್ಟಾಗಿ ಗಮನಿಸಿ. ಹಾರ್ಮೋನಿಯಂ ಇದ್ದರೆ ಅದರ ಮನೆ, ಅಂದರೆ ಕೀಲಿ, ಒತ್ತಿ ಹಿಡಿದು ನೋಡಿ, ಇಲ್ಲದಿದ್ದರೆ ಮೊಬೈಲಿನ ತಂಬೂರಿ ಸಾಕು. ಅದನ್ನು ನನಗೆ ಬರೆಯಿರಿ. ಯಾವ ಹಾಡು ಎಂಬುದನ್ನು ಆಮೇಲೆ ನೋಡೋಣ.