ಚುಕ್ಕಿಯನ್ನು ಕೇಳಿದಿರಾ?

ಪ್ರಶ್ನೆ: ನನಗೆ 54 ವರ್ಷ. ಮನೆಯಲ್ಲಿ ನಾನು, ಯಜಮಾನರು, ನಾಲ್ಕು ವರ್ಷದ ಹೆಣ್ಣುನಾಯಿ ಚುಕ್ಕಿ. ಹೋದ ತಿಂಗಳು ಒಂದು ಪ್ರಾಣಿ ಶೆಲ್ಟರಿಗೆ ಅಕ್ಕಿ ಕೊಡಲು ಹೋಗಿದ್ದಾಗ ಒಂಬತ್ತು ವರ್ಷದ ಗಂಡುನಾಯಿಯೊಂದನ್ನು ನೋಡಿದೆ. ಮೂತಿಯೆಲ್ಲ ನರೆತಿದೆ. ಸಾಕಿದವರು ಫ್ಲ್ಯಾಟಿಗೆ ಹೋಗುವಾಗ ಬಿಟ್ಟುಹೋದರಂತೆ. ನಾನು ಹೊರಡುವವರೆಗೂ ಗೇಟಿನ ಹತ್ತಿರವೇ ನಿಂತಿತ್ತು. ಅದನ್ನು ಮನೆಗೆ ತರುವ ಆಸೆ. "ಮುದಿನಾಯಿಯನ್ನು ತಂದು ಮತ್ತೆ ಅಳುವುದು ಯಾಕೆ?" ಎನ್ನುತ್ತಾರೆ ಇವರು. ಬೇರೆ ನಾಯಿ ಕಂಡರೆ ಚುಕ್ಕಿ ಗೇಟಿನೊಳಗಿಂದ ಬೊಗಳುತ್ತಾಳೆ. ಏನು ಮಾಡಲಿ?
– ಬಿಜೈ, ಮಂಗಳೂರು

ಉತ್ತರ: ಆ ನಾಯಿಯ ಬಗ್ಗೆ ಇಷ್ಟೆಲ್ಲ ಬರೆದ ನೀವು ಚುಕ್ಕಿಗೆ ಕೊಟ್ಟದ್ದು ಒಂದೇ ಸಾಲು. ಆದರೆ ಅಂಗಳ, ಜಗಲಿ, ನಿಮ್ಮ ಮಂಚದ ಬುಡ ಎಲ್ಲ ಅವಳದ್ದೇ ಅಲ್ಲವಾ? ಮೊದಲು ಬೇಕಾದದ್ದು ಅವಳ ಒಪ್ಪಿಗೆ.

ಗೇಟಿನಲ್ಲಿ ಹಾರಾಡುವ ನಾಯಿ ಹೊರಗೆ ಬಂದರೆ ಮೆತ್ತಗಾಗುವುದುಂಟು. ಅದಕ್ಕೇ ಮೊದಲ ಭೇಟಿ ಮನೆಯಲ್ಲಿ ಬೇಡವೇ ಬೇಡ. ಎರಡಕ್ಕೂ ಹೊಸದಾದ ಜಾಗ ಬೇಕು. ಬೆಳಗ್ಗೆ ಆರಕ್ಕೆ ತಣ್ಣೀರುಬಾವಿ ಕಡಲತೀರ ಆದೀತು. (ದಕ್ಕೆಯ ಕಡೆ ಮಾತ್ರ ಹೋಗಬೇಡಿ. ಮೀನಿನ ವಾಸನೆ ಮೂಗಿಗೆ ಬಡಿದರೆ ಯಾವ ನಾಯಿಯೂ ನಿಮ್ಮ ಮಾತು ಕೇಳದು.) ಒಂದೊಂದು ಚೈನು ಒಬ್ಬೊಬ್ಬರ ಕೈಯಲ್ಲಿರಲಿ. ಹತ್ತು ಹದಿನೈದು ಅಡಿ ದೂರದಲ್ಲಿ, ಒಂದೇ ದಿಕ್ಕಿಗೆ ಸುಮ್ಮನೆ ನಡೆಯಿರಿ. ಮುಖಾಮುಖಿ ನಿಲ್ಲಿಸಬೇಡಿ. ಮೈ ಸಡಿಲ ಬಿಟ್ಟಮೇಲೆ ತಾವಾಗಿ ಬದಿಯಿಂದ ಮೂಸಿಕೊಳ್ಳುತ್ತವೆ. ಇಪ್ಪತ್ತು ನಿಮಿಷ ಸಾಕು. ಹೀಗೆ ಮೂರು ನಾಲ್ಕು ಸಲ. ನಡುವೆ ಹಳೆ ಬೈರಾಸಿನಲ್ಲಿ ಆ ನಾಯಿಯ ಮೈ ಒರೆಸಿ ತಂದು ಚುಕ್ಕಿ ಮಲಗುವ ಕಡೆ ಇಡಿ. ಅಷ್ಟಾಗಿಯೂ ಚುಕ್ಕಿ ಮೈ ಬಿಗಿದು ನಿಂತರೆ, ಕೈಯಲ್ಲಿರುವ ಬಿಸ್ಕತ್ತನ್ನೂ ಮುಟ್ಟದಿದ್ದರೆ, ಅವಳ ಉತ್ತರ 'ಬೇಡ' ಎಂದೇ. ಆಗ ಭಾನುವಾರ ಭಾನುವಾರ ಶೆಲ್ಟರಿಗೇ ಹೋಗಿ ಅದನ್ನು ತಿರುಗಾಡಿಸಿ ಬನ್ನಿ.

ಒಪ್ಪಿದಳು ಅಂತಿಟ್ಟುಕೊಳ್ಳಿ. ಮೊದಲು ಒಂದು ತಿಂಗಳ ಮಟ್ಟಿಗೆ ಕೊಡುತ್ತೀರಾ ಎಂದು ಶೆಲ್ಟರಿನವರನ್ನು ಕೇಳಿ. ತರುವ ಮುಂಚೆ ರಕ್ತಪರೀಕ್ಷೆ ಆಗಲಿ: ಉಣ್ಣಿಯಿಂದ ಬರುವ ಜ್ವರ, ಮೂತ್ರಪಿಂಡ ಎರಡನ್ನೂ ನೋಡಿಸಿ. ರೇಬೀಸ್ ಲಸಿಕೆಯ ಜೊತೆ ಇಲಿಜ್ವರದ್ದೂ ಬೇಕು, ನಮ್ಮ ಮಳೆಗಾಲ ನಿಮಗೆ ಗೊತ್ತಿದೆ. ವಯಸ್ಸಾದ ಕಾಲು ಟೈಲ್ಸಿನ ಮೇಲೆ ಜಾರುತ್ತದೆ, ಗೋಣಿ ಹಾಸಿ. ಊಟ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಬಂಗುಡೆ ತಲೆ ಎಸೆದು ಸ್ನೇಹ ಪರೀಕ್ಷೆ ಮಾಡಬೇಡಿ. ಗುರ್ರೆಂದರೆ ಬೈಯಬೇಡಿ, ಮೆಲ್ಲಗೆ ದೂರ ಮಾಡಿ. ಬೈಸಿಕೊಂಡ ನಾಯಿ ಮುಂದಿನ ಸಲ ಗುರ್ರೆನ್ನದೆ ಕಚ್ಚೀತು. ದೀಪಾವಳಿ ಹತ್ತಿರವಿದ್ದರೆ ಪಟಾಕಿ ಮುಗಿಯುವವರೆಗೆ ಕಾಯಿರಿ.

ಇನ್ನು ಯಜಮಾನರು. "ಮತ್ತೆ ಅಳುವುದು" ಎಂದರಲ್ಲ, ಆ 'ಮತ್ತೆ'ಯನ್ನು ಗಮನಿಸಿದಿರಾ? ಚುಕ್ಕಿಗಿಂತ ಮೊದಲು ಯಾವುದೋ ನಾಯಿಯನ್ನು ಅವರು ಮಣ್ಣು ಮಾಡಿರಬೇಕು. ಚೆನ್ನಾಗಿ ನೋಡಿಕೊಂಡ ನಾಡನಾಯಿ ಹದಿಮೂರು, ಹದಿನಾಲ್ಕು ವರ್ಷ ಬಾಳುವುದುಂಟು ಎಂದು ಲೆಕ್ಕ ಒಪ್ಪಿಸಿದರೆ ಆ ಹೆದರಿಕೆ ಹೋಗುವುದಿಲ್ಲ. ವಾದ ಬೇಡ. ಎರಡನೇ ಚೈನು ಹಿಡಿಯಲು ಹೇಗೂ ಒಬ್ಬರು ಬೇಕು. ಈ ಭಾನುವಾರ ಅವರನ್ನು ಕರೆದುಕೊಂಡು ಹೋಗಿ, ಆ ಮುದುಕನ ಚೈನು ಅವರ ಕೈಗೇ ಕೊಡಿ. ಮನೆಗೆ ತರುವ ಮಾತು ನೀವಾಗಿ ಎತ್ತಬೇಡಿ.