ಒಂದೇ ಸಾಲಿನ ತಿರಸ್ಕಾರ ಪತ್ರಕ್ಕೆ ಮೇಲ್ಮನವಿ

ಹನಿ ನೀರಾವರಿ ಸಹಾಯಧನದ ಅರ್ಜಿ ‘ಷರತ್ತು ಪೂರೈಸಿಲ್ಲ’ ಎಂಬ ಒಂದೇ ಸಾಲಿನ ಪತ್ರದೊಂದಿಗೆ ತಿರಸ್ಕೃತವಾಗಿದೆ, ಮೇಲ್ಮನವಿ ಹಾಕಿ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಇದೆ. ಸುಮ್ಮನೆ ಕೂರಬೇಡಿ.

ಮೊದಲನೆಯದಾಗಿ, ಆ ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ. ಗಡುವು ಕೆಲವು ಯೋಜನೆಗಳಲ್ಲಿ ಪತ್ರದ ದಿನಾಂಕದಿಂದ, ಇನ್ನು ಕೆಲವದರಲ್ಲಿ ಪತ್ರ ಕೈಸೇರಿದ ದಿನದಿಂದ ಲೆಕ್ಕ. ಅಂಚೆ ಮುದ್ರೆಯೇ ಆಗ ನಿಮ್ಮ ಸಾಕ್ಷಿ.

ಯಾವ ಷರತ್ತು, ಯಾವ ದಾಖಲೆ ನೋಡಿ ಹೀಗೆ ತೀರ್ಮಾನಿಸಿದರು ಎಂದು ಲಿಖಿತವಾಗಿ ಕೇಳಿ. ಸ್ಥಳ ತಪಾಸಣೆ ವರದಿಯ ಪ್ರತಿಯನ್ನೂ ಕೇಳಿ. ನನ್ನ ಅರ್ಜಿ ಒಮ್ಮೆ ಬಿದ್ದುಹೋಗಿತ್ತು. ವರದಿ ತರಿಸಿ ನೋಡಿದರೆ, ಜಮೀನಿನ ಸಂಖ್ಯೆಯಲ್ಲಿ ಎರಡು ಅಂಕಿ ಹಿಂದೆಮುಂದೆ! ತಪಾಸಣೆ ಮಾಡಿದ್ದು ಪಕ್ಕದವರ ಹೊಲವನ್ನು. ಆ ಹಾಳೆ ಸಿಗದಿದ್ದರೆ ನಾನು ಬರೀ ಗೋಳು ಬರೆದು ಕಳಿಸುತ್ತಿದ್ದೆ.

ಆದರೆ ಉತ್ತರ ಬರಲಿ ಅಂತ ಕಾಯುತ್ತಾ ಗಡುವು ಮೀರಿಸಬೇಡಿ. ಚಿಕ್ಕದಾಗಿ ಮೇಲ್ಮನವಿ ಸಲ್ಲಿಸಿ, ‘ಹೆಚ್ಚಿನ ದಾಖಲೆ ನಂತರ ಕೊಡುತ್ತೇನೆ’ ಎಂದು ಬರೆದು ಸ್ವೀಕೃತಿ ಪಡೆಯಿರಿ. ತಲೆಬರಹದಲ್ಲಿ ‘ಮೇಲ್ಮನವಿ’ ಅಂತಲೇ ಇರಲಿ. ‘ದೂರು’ ಅಂತ ಬರೆದರೆ ಅದು ಸಿಬ್ಬಂದಿಯ ನಡವಳಿಕೆ ವಿಚಾರಿಸುವ ಕಡೆ ಹೋಗಿಬಿಡಬಹುದು, ತೀರ್ಮಾನ ಹಾಗೇ ಉಳಿಯುತ್ತದೆ.

ಷರತ್ತೇ ಅನ್ಯಾಯ ಅಂತ ವಾದಿಸಬೇಡಿ. ಅದನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಮೇಲ್ಮನವಿ ಕೇಳುವವರಿಗೆ ಇರುವುದಿಲ್ಲ. ಇರುವ ಷರತ್ತನ್ನು ನಿಮಗೆ ತಪ್ಪಾಗಿ ಅನ್ವಯಿಸಿದ್ದಾರೆ ಎಂದು ತೋರಿಸಿ. ತಿರಸ್ಕರಿಸಿದ ಅಧಿಕಾರಿಯೇ ವಿಚಾರಣೆಗೂ ಕೂತಿದ್ದರೆ, ಆ ಆಕ್ಷೇಪವನ್ನು ಅವತ್ತೇ ದಾಖಲಿಸಿ.